ಪಕ್ಕದ ಸೀಟಿನ ಸಾತವ್ವ

ಅನಗೋಳ, ಬೆಳಗಾವಿ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಸಮೃದ್ಧಿಯ ಅಪ್ಪಾಜಿಗೆ ಪದ್ಮಶ್ರೀಯ ಶರಣು.

ಮೊದಲು ನಿಮ್ಮ ಆರೋಗ್ಯದ ಮಾತು. ಬಿ.ಪಿ. ಗುಳಿಗೆ ತೀರುವ ಮುಂಚೆಯೇ ತಂದಿಟ್ಟುಕೊಂಡಿರೋ, ಅಥವಾ ಹೋದ ತಿಂಗಳಿನ ಹಾಗೆ ನಾಲ್ಕು ದಿನ ಬಿಟ್ಟು ಆಮೇಲೆ ತಲೆ ಹಿಡಿದುಕೊಂಡು ಕೂತಿರೋ? ಬ್ಯಾಂಕಿನವರು ನಿಮ್ಮನ್ನು ವರ್ಗ ಮಾಡಿದ ರಾಯಚೂರಿನಲ್ಲಿ ಈಗಲಾದರೂ ಬಿಸಿಲು ಇಳಿದಿರಬೇಕು. ಇಲ್ಲಿ ಬೆಳಿಗ್ಗೆ ಒಳ್ಳೆಯ ಚಳಿ. ಅತ್ತೆಯವರು ನಿಮ್ಮ ಹಳೆಯ ಕಂದು ಸ್ವೆಟರ್ ತೊಟ್ಟುಕೊಂಡೇ ಲಿಂಗಪೂಜೆಗೆ ಕೂಡುತ್ತಾರೆ, ತೋಳು ಮಡಚಿದರೂ ಬೆರಳು ಹೊರಗೆ ಕಾಣುವುದಿಲ್ಲ. ಸಮೃದ್ಧಿಗೆ ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ಎಂಬತ್ತೆಂಟು ಬಂದಿದೆ. ಉಳಿದ ಹನ್ನೆರಡು ಎಲ್ಲಿ ಹೋಯಿತು ಎಂದು ಫೋನಿನಲ್ಲಿ ಕೇಳಬೇಡಿ, ಹುಡುಗಿ ಅಳುತ್ತಾಳೆ. ಹೋದ ಸಲ ಕಳಿಸಿದ ಶೇಂಗಾ ಚಟ್ನಿ ತೀರಿದ್ದರೆ ಹೇಳಿ, ಮತ್ತೆ ಕುಟ್ಟಿಸಿ ಕಳಿಸುತ್ತೇನೆ. ಜಗಳ ಬೇರೆ, ಚಟ್ನಿ ಬೇರೆ.

ಕೈಯಲ್ಲಿ ಫೋನು ಇಟ್ಟುಕೊಂಡು ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀರಿ. ಫೋನಿನಲ್ಲಿ ನೀವು ನನಗೆ ಒಂದು ಮಾತು ಪೂರ್ತಿ ಮುಗಿಸಲು ಬಿಡುವುದಿಲ್ಲ. ಅರ್ಧಕ್ಕೇ "ನೀ ಸುಮ್ಮಿರ, ನಾ ನೋಡ್ಕೋತೀನಿ" ಎನ್ನುತ್ತೀರಿ. ಹದಿನಾಲ್ಕು ವರ್ಷ ಆ ಮಾತು ಕೇಳಿ ಸುಮ್ಮನಿದ್ದೇನೆ, ಎಷ್ಟೋ ಸಲ ನೀವು ನೋಡಿಕೊಂಡಿದ್ದೀರಿ ಕೂಡ, ಇಲ್ಲ ಎನ್ನುವುದಿಲ್ಲ. ಇನ್ನೊಂದು ಕಾರಣವೂ ಇದೆ. ಹೋದ ಭಾನುವಾರ ನೀವೇ ಹೇಳಿದಿರಿ: "ವಾಟ್ಸಾಪಿನ್ಯಾಗ ಏನೂ ಬರೀಬ್ಯಾಡ, ಬರದದ್ದು ಪುರಾವೆ ಆಗತೈತಿ." ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ, ತಾರೀಖು ಹಾಕಿ, ಕೆಳಗೆ ಸಹಿ ಮಾಡಿ. ಪುರಾವೆಯಾದರೆ ಆಗಲಿ.

ಆರನೇ ತಾರೀಖು ಗುರುವಾರ ನಡೆದದ್ದು ನಿಮಗೆ ತುಂಡು ತುಂಡಾಗಿ ಗೊತ್ತು. ಒಮ್ಮೆ ಪೂರ್ತಿ ಓದಿ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಸಾತವ್ವ ನಿಮಗೆ ಪರಿಚಯವೇ. ಎರಡು ವರ್ಷದ ಹಿಂದೆ ಮನೆಯ ಕುರಿಯ ಉಣ್ಣೆಯಲ್ಲಿ ನೇಯಿಸಿದ ಚಿಕ್ಕ ಕಂಬಳಿಯನ್ನು ಸಮೃದ್ಧಿಗೆ ಕೊಟ್ಟಾಕೆ. ವಾರಕ್ಕೆ ಎರಡು ದಿನ ಆಕೆ ಖಾನಾಪುರದ ಪೇಟೆಗೆ ಬಂದು ಶಾಲೆಗೆ ತರಕಾರಿ ಹಿಡಿಯುತ್ತಾಳೆ. ಊರಿಗೆ ಮರಳುವ ಎಂಟೂವರೆಯ ಬಸ್ಸು ತಪ್ಪಿದರೆ ಮುಂದಿನದು ಹನ್ನೊಂದಕ್ಕೆ, ಅದಕ್ಕೆ ಕಾದರೆ ನೂರಾ ಹತ್ತು ಮಕ್ಕಳು ಉಪವಾಸ. ಹಾಗಾಗಿ ಮೂರು ವರ್ಷದಿಂದ ಆ ಎರಡು ದಿನ ನಾನೇ ಆಕೆಯನ್ನು ಬಸ್‌ಸ್ಟ್ಯಾಂಡಿನ ಎದುರು ಕಾರಿಗೆ ಹತ್ತಿಸಿಕೊಂಡು ಹೋಗುತ್ತೇನೆ. ಚೀಲಗಳು ಹಿಂದಿನ ಸೀಟಿನಲ್ಲಿ, ಸಾತವ್ವ ನನ್ನ ಪಕ್ಕದಲ್ಲಿ. ಮೊದಮೊದಲು ಹಿಂದೆಯೇ ಕೂಡುತ್ತೇನೆಂದು ಹಟ ಮಾಡಿದ್ದಳು. ಮುಂದೆ ಬಾರವ್ವ, ನಾನೇನು ನಿನ್ನ ಡ್ರೈವರೇ ಎಂದು ನಗಿಸಿ ಕೂರಿಸಿಕೊಂಡವಳು ನಾನೇ.

ಅಂದು ಕೆರೆಯ ಏರಿ ಇಳಿದ ಕೂಡಲೇ ಎಡಗಡೆಯ ಕಬ್ಬಿನೊಳಗಿಂದ ಎಮ್ಮೆಯೊಂದು ರಸ್ತೆಗೆ ಬಂತು. ಬಲಕ್ಕೆ ಎಳೆದೆ, ಗಾಬರಿಯಲ್ಲಿ ಮತ್ತೆ ಎಡಕ್ಕೆ ಎಳೆದೆ, ಗಾಡಿ ರಸ್ತೆ ಬಿಟ್ಟು ಚರಂಡಿಗೆ ಇಳಿದು ನಿಂತಿತು. ಎಮ್ಮೆಗೂ ಏನಾಗಲಿಲ್ಲ, ನನಗೂ ಏನಾಗಲಿಲ್ಲ. ಸಾತವ್ವ ಬೆಲ್ಟ್ ಕಟ್ಟಿಕೊಂಡಿದ್ದಳು, ಆದರೆ ತೊಡೆಯ ಮೇಲಿದ್ದ ಕುಂಬಳಕಾಯಿ ಒಡೆದೀತೆಂದು ಎಡಗೈಯಲ್ಲಿ ಅದನ್ನು ಅವಚಿ ಬಲಗೈಯನ್ನು ಮುಂದಕ್ಕೆ ಒತ್ತಿ ಹಿಡಿದಳು. ಮಣಿಕಟ್ಟು ಎರಡು ಕಡೆ ಮುರಿಯಿತು. ಒಳಗೆ ಪ್ಲೇಟು ಹಾಕಿದ್ದಾರೆ. ಗಾಡಿ ನಲವತ್ತರಲ್ಲಿತ್ತು ಎಂದು ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಅತ್ತೆಯವರ ಮುಂದೆ, ಎಲ್ಲ ಕಡೆ ಹೇಳಿದೆ. ನಿಮಗೆ ಖರೇ ಹೇಳುತ್ತೇನೆ, ಐವತ್ತೈದರ ಮೇಲಿತ್ತು. ಪ್ರಾರ್ಥನೆಗೆ ತಡವಾಗಿತ್ತು. ತಪ್ಪು ಎಮ್ಮೆಯದಲ್ಲ, ನನ್ನದು.

ಆಸ್ಪತ್ರೆಯ ಹೊರಗಿನಿಂದ ನಿಮಗೆ ಫೋನು ಮಾಡಿದೆ. "ನಿನಗ ಏನಾಗಿಲ್ಲಲಾ?" ಎಂದಿರಿ. ನಿಮ್ಮ ದನಿ ನಡುಗಿದ್ದು ಕೇಳಿ ನನಗೆ ಅಳು ಬಂತು. ಮರುಕ್ಷಣವೇ "ಬಂಪರ್ ಹೋತೇನು?" ಎಂದಿರಿ. ಆಮೇಲೆ ರೇಡಿಯೇಟರ್, ಆಮೇಲೆ ಎಡಗಡೆಯ ದೀಪ. ಸಾತವ್ವನ ಕೈಯ ಸುದ್ದಿ ಬಂದದ್ದು ಆರನೆಯದೋ ಏಳನೆಯದೋ ಪ್ರಶ್ನೆಗೆ. ಹೋಗಲಿ, ಹನ್ನೆರಡು ವರ್ಷ ತೊಳೆದು ಒರೆಸಿದ ಗಾಡಿ, ಬೇಸರವಾಗುತ್ತದೆ. ನನಗಾಗ ಒಂದು ಧೈರ್ಯವಿತ್ತು: ಇನ್ಶೂರನ್ಸ್ ಇದೆಯಲ್ಲ. ಜುಲೈನಲ್ಲಿ ನೀವು ರಾಯಚೂರಿನಿಂದಲೇ ಫೋನಿನಲ್ಲಿ ಕಟ್ಟಿ, ಅದರ ಚಿತ್ರ ತೆಗೆದು, "ಎಷ್ಟ ಉಳಿಸೀನಿ ನೋಡು" ಎಂದು ಹೆಬ್ಬೆರಳು ಎತ್ತಿದ ಚಿಹ್ನೆಯೊಂದಿಗೆ ಕಳಿಸಿದ್ದಿರಿ. ನಾನೂ ಒಂದು ಹೂವು ಕಳಿಸಿದ್ದೆ. ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂದು ಕೇಳಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಮಾಸ್ತರಿಣಿ ನಾನು, ನೋಡಿ.

ಆ ಕಾಗದ ಹಿಡಿದುಕೊಂಡು ಟಿಳಕವಾಡಿಯಲ್ಲಿ ಕರೆಪ್ಪನವರ ಹತ್ತಿರ ಹೋದೆ. ರೈಲ್ವೆ ಗೇಟಿನ ಬಳಿ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂಡುವ ನಮ್ಮ ಹಳೆಯ ಏಜಂಟರು. ಕಮಿಷನ್ ತಿನ್ನುತ್ತಾನೆ ಎಂದು ನೀವು ಈ ವರ್ಷ ಅವರನ್ನು ಬಿಟ್ಟಿರಲ್ಲ, ಅವರೇ. ಬೇರೆಯವರಾಗಿದ್ದರೆ, ಎಲ್ಲಿ ಕಟ್ಟಿದಿರೋ ಅಲ್ಲೇ ಕೇಳಿ ಎನ್ನುತ್ತಿದ್ದರು. ಅವರು ಚಹಾ ತರಿಸಿ, ಕನ್ನಡಕ ಹಣೆಗೇರಿಸಿ, ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಸಾಲು ಸಾಲು ಓದಿದರು. ಆಮೇಲೆ ಹೇಳಿದರು: "ಅಕ್ಕಾರ, ಕಾಯ್ದೆ ಬೇಡೂದು ಇಷ್ಟ. ನಿಮ್ಮ ಗಾಡಿಯಿಂದ ರಸ್ತಾದಾಗಿನ ಮಂದಿಗೆ ಏನರ ಆದ್ರ, ಅದರ ಜವಾಬ್ದಾರಿ. ಥರ್ಡ್ ಪಾರ್ಟಿ ಅಂದ್ರ ಅದು. ಅದಿಲ್ಲದ ಗಾಡಿ ರಸ್ತಾಕ ಇಳಿಸಾಂಗಿಲ್ಲ. ಉಳದದ್ದು ನಿಮ್ಮ ಮರ್ಜಿ. ಸಾಹೇಬ್ರು ಮರ್ಜಿ ಇದ್ದದ್ದನ್ನೆಲ್ಲಾ ತಗದ ಹಾಕ್ಯಾರ."

ನಮ್ಮ ಗಾಡಿಯೇ ಜಖಂ ಆದರೆ ರಿಪೇರಿಗೆ ಬರುವುದು ಮರ್ಜಿಯದು. ಹಳೆಯ ಗಾಡಿ, ಅದರ ಬೆಲೆಯೇ ಎಷ್ಟು, ಅದಕ್ಕೇಕೆ ಅಷ್ಟು ಕಟ್ಟಬೇಕು ಎಂದು ನೀವು ಬಿಟ್ಟಿರಿ. ಅದರಲ್ಲಿ ನಿಮ್ಮ ತಪ್ಪು ಹುಡುಕುವುದಿಲ್ಲ, ಬಂಪರಿಗಾಗಿ ನಾನು ಅಳುವವಳಲ್ಲ. ಆದರೆ ಅದರ ಜೊತೆಯಲ್ಲೇ ಇನ್ನೊಂದು ಹೋಯಿತು. ಪೂರ್ತಿ ಪಾಲಿಸಿ ಇದ್ದಿದ್ದರೆ ಗಾಡಿಯೊಳಗೆ ಕುಳಿತವರ ಪರಿಹಾರದ ಹೊಣೆಯೂ ಅದಕ್ಕೆ ಸೇರುತ್ತಿತ್ತಂತೆ. ಮೇಲಿಂದ ಒಂದಿಷ್ಟು ಕಟ್ಟಿದ್ದರೆ ಒಂದೊಂದು ಸೀಟಿಗೂ ಬೇರೆ ಅಪಘಾತ ವಿಮೆ. ಬರೀ ಥರ್ಡ್ ಪಾರ್ಟಿಯಲ್ಲಿ ಅದಿಲ್ಲ. "ಒಳಗ ಕುಂತವರು ಆ ಪಾಲಿಸಿಗೆ ಮಂದೀನ ಅಲ್ಲ ಬಿಡ್ರಿ" ಎಂದರು ಕರೆಪ್ಪ. ನಾನು ಎರಡು ಸಲ ಕೇಳಿದೆ. ಸಾತವ್ವ ರಸ್ತೆಯ ಅಂಚಿನಲ್ಲಿ ನಿಂತಿದ್ದು ನಾನು ಹೋಗಿ ಗುದ್ದಿದ್ದರೆ ಪರಿಹಾರ ಸಿಗುತ್ತಿತ್ತು. ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದಕ್ಕೆ ಸಿಗುವುದಿಲ್ಲ, ಹೌದೇ ಎಂದು. ಹೌದು ಎಂದು ತಲೆಯಾಡಿಸಿದರು. ಆಕೆಯಿಂದ ಪೆಟ್ರೋಲಿಗೆಂದು ಏನಾದರೂ ತೆಗೆದುಕೊಳ್ಳುತ್ತೀರಾ, ಹಾಗಿದ್ದರೆ ಅದನ್ನೂ ಬಾಡಿಗೆ ಎಂದಾರು ಎಂದರು. ಶನಿವಾರ ಶನಿವಾರ ಒಂದು ಸೂಡು ಮೆಂತೆ ಪಲ್ಯ ಗಾಡಿಯಲ್ಲಿ ಇಟ್ಟು ಹೋಗುತ್ತಾಳೆ ಎಂದೆ. ಕರೆಪ್ಪನವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಇನ್ನೊಂದು ಕೇಳಿ. ಮಾಲೀಕ ತಾನೇ ನಡೆಸುವಾಗ ಜೀವಕ್ಕೆ ಅಪಾಯವಾದರೆ ಎಂದು ಹದಿನೈದು ಲಕ್ಷದ ಕಡ್ಡಾಯ ವಿಮೆ ಆ ಕಾಗದದಲ್ಲಿದೆ. ಗಾಡಿ ನಿಮ್ಮ ಹೆಸರಿನಲ್ಲಿದೆ, ಆದ್ದರಿಂದ ಅದು ನಿಮಗೆ. ನೀವು ಈ ಗಾಡಿಯ ಸ್ಟೇರಿಂಗ್ ಹಿಡಿದದ್ದು ದೀಪಾವಳಿಗೆ ಬಂದಾಗ ಎರಡು ದಿನ. ದಿನಾ ಅನಗೋಳದಿಂದ ಖಾನಾಪುರ ದಾಟಿ ಹೋಗಿ ಬರುವವಳು ನಾನು, ಪಕ್ಕದಲ್ಲಿ ಕೂಡುವವಳು ಸಾತವ್ವ, ರಜೆಯಲ್ಲಿ ಹಿಂದೆ ಕೂಡುವವರು ನಿಮ್ಮ ತಾಯಿ ಮತ್ತು ನಿಮ್ಮ ಮಗಳು. ಈ ಇಡೀ ಗಾಡಿಯಲ್ಲಿ ವಿಮೆ ಇರುವುದು ರಾಯಚೂರಿನ ಮೆಸ್ಸಿನಲ್ಲಿ ಅನ್ನ ಸಾರು ಉಣ್ಣುತ್ತಿರುವ ಒಬ್ಬರಿಗೆ. ಸಿಟ್ಟು ಮಾಡಿಕೊಳ್ಳಬೇಡಿ. ನೀವು ಬೇಕೆಂದು ಹಾಗೆ ಮಾಡಲಿಲ್ಲ, ನನಗೆ ಗೊತ್ತು. ಕಾಯ್ದೆ ಎಷ್ಟು ಕೇಳುತ್ತದೋ ಅಷ್ಟು ಕೊಟ್ಟಿರಿ, ಅದರಾಚೆ ಯಾರು ಕೂತಿದ್ದಾರೆ ಎಂದು ನೋಡಲಿಲ್ಲ, ಅಷ್ಟೇ.

ಅಲ್ಲಿಯವರೆಗೆ ಆದದ್ದಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ. ಬರೆಯುತ್ತಿರುವುದು ಹೋದ ಭಾನುವಾರದ ನಿಮ್ಮ ಮಾತಿಗೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದ್ದಾರೆ, ಹೇಳಿಕೆ ಬರೆಸಬೇಕು ಎಂದಾಗ ನೀವು ಎಷ್ಟು ಸಲೀಸಾಗಿ ಹೇಳಿದಿರಿ: "ಆಕೀ ರಸ್ತಾದ ಬಾಜೂಕ ನಿಂತಿದ್ಲು, ಗಾಡಿ ಬಡೀತು ಅಂತ ಬರಸು. ಕಂಪನಿ ಕೊಡತೈತಿ. ಯಾರಿಗೂ ಲುಕ್ಸಾನಿಲ್ಲ." ನನಗಿಂತ ಮೊದಲೇ ಸಾತವ್ವನ ಮಗ ಸಿದರಾಯನಿಗೂ ಫೋನು ಮಾಡಿ ಅದನ್ನೇ ಹೇಳಿದ್ದಿರಿ. ಅತ್ತೆಯವರಾದರೂ ನನ್ನ ಕಡೆ ಇರುತ್ತಾರೆಂದುಕೊಂಡಿದ್ದೆ. ಪೂಜೆ ಮುಗಿಸಿ ವಿಭೂತಿ ಒರೆಸಿಕೊಳ್ಳುತ್ತಾ, "ಕಂಪನಿ ರೊಕ್ಕ ಯಾರಪ್ಪಂದೂ ಅಲ್ಲ, ಆ ಬಡವಿಗೆ ಬಂದ್ರ ಬರ್ಲಿ ತಗೋ" ಎಂದರು. ಎಂದವರೇ ಸಾತವ್ವನಿಗೆಂದು ಒಂದು ಡಬ್ಬಿ ಗೋಧಿ ಹುಗ್ಗಿ ಕಟ್ಟಿಕೊಟ್ಟರು. ಅವರ ಮನಸ್ಸು ದೊಡ್ಡದು, ಆದರೆ ಆ ಹೇಳಿಕೆಯ ಕೆಳಗೆ ಸಹಿ ಮಾಡುವವರು ಅವರಲ್ಲ.

ನಿನ್ನೆ ಶನಿವಾರ ಶಾಲೆ ಬಿಟ್ಟ ಮೇಲೆ ಸಾತವ್ವನ ಮನೆಗೆ ಹೋಗಿದ್ದೆ. ಕೈ ಕೊರಳಿಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎಡಗೈಯಲ್ಲೇ ಚಾಪೆ ಎಳೆಯಲು ಹೋದಳು. ಶಾಲೆಯಲ್ಲಿ ಆಕೆಯ ಜಾಗಕ್ಕೆ ಬೇರೊಬ್ಬರನ್ನು ತಾತ್ಕಾಲಿಕವೆಂದು ತೆಗೆದುಕೊಂಡಿದ್ದಾರೆ. ಮೂರು ತಿಂಗಳಾದ ಮೇಲೆ ಆ ಕೈ ನೂರಾ ಹತ್ತು ಮಕ್ಕಳ ಅನ್ನದ ಪಾತ್ರೆ ಎತ್ತದಿದ್ದರೆ ತಾತ್ಕಾಲಿಕದವರೇ ಖಾಯಂ. ಡಾಕ್ಟರು ಎತ್ತುತ್ತದೆ ಎಂದೂ ಹೇಳಿಲ್ಲ, ಎತ್ತುವುದಿಲ್ಲ ಎಂದೂ ಹೇಳಿಲ್ಲ. ನಾನು ಆಸ್ಪತ್ರೆಯ ಖರ್ಚು ಕೊಟ್ಟದ್ದು ನಿಮಗೆ ಗೊತ್ತು. ನಿನ್ನೆ ಮತ್ತಷ್ಟು ಕೊಡಲು ಹೋದೆ, ಆಕೆ ಮುಟ್ಟಲಿಲ್ಲ. "ನೀವು ದಿನಾ ಕೊಡೂದು, ನಾ ದಿನಾ ಇಸ್ಕೊಳ್ಳೂದು, ಇದೆಂಥಾ ಬಾಳ್ವೇರಿ ಅಕ್ಕಾರ?" ಎಂದಳು.

ರಸ್ತೆಯ ಬದಿಯ ಮಾತು ಎತ್ತಿದವನು ಸಿದರಾಯ. ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಅವನಿಗೆ, ತಾಯಿಗಾಗಿ ರಜೆ ಹಾಕಿ ಕೂತಿದ್ದಾನೆ. ಸಾಹೇಬರು ಹೇಳಿದಂತೆ ಬರೆಸೋಣ ಎಂದ. ನಾನು ಆಗುವುದಿಲ್ಲ, ಸುಳ್ಳು ಬರೆಸುವುದಿಲ್ಲ ಎಂದೆ. ಅವನು ಎದ್ದು ನಿಂತ. "ಅಕ್ಕಾರ, ಖರೇ ಮಾತಾಡೂದು ನಿಮಗ ಪರವಡತೈತಿ. ಕೈ ಮುರದದ್ದು ನಮ್ಮವ್ವಂದು" ಎಂದ. ನನ್ನ ಮುಖಕ್ಕೆ ಹೊಡೆದಂತಾಯಿತು. ಅವನು ಹೇಳಿದ್ದರಲ್ಲಿ ತಪ್ಪಾದರೂ ಎಲ್ಲಿದೆ? ನಾನು ಸತ್ಯವಂತೆ ಎನಿಸಿಕೊಳ್ಳುತ್ತೇನೆ, ಪಾತ್ರೆ ಎತ್ತಲಾಗದೆ ಕೂಡುವವಳು ಆಕೆ.

ಉತ್ತರ ಕೊಟ್ಟವಳು ಸಾತವ್ವ. ಅದೂ ನಿಧಾನವಾಗಿ ಅಲ್ಲ, ಮಗನನ್ನು ಗದರಿಸಿ: "ಮೂವತ್ತ ವರ್ಷ ಆ ರಸ್ತಾದಾಗ ಕುರಿ ಹೊಡಕೊಂಡ ಅಡ್ಡಾಡೀನಿ, ಒಂದ ಗಾಡಿ ನನ್ನ ಮೈಗೆ ತಾಗಿಲ್ಲ, ಒಂದ ಕುರೀಗೂ ತಾಗಿಲ್ಲ. ಈಗ ಎಮ್ಮೀಗತೆ ನಡು ರಸ್ತಾದಾಗ ನಿಂತಿದ್ದೆ ಅಂತ ಬರಸ್ತೀಯೇನ್? ನಾ ಅಕ್ಕಾರ ಬಾಜೂಕ ಕುಂತಿದ್ದೆ. ಕುರ್ಚಿ ಮ್ಯಾಲ ಕುಂತಾಂಗ ಕುಂತಿದ್ದೆ." ಹೀಗೆಂದು ನನ್ನ ಕಡೆ ತಿರುಗಿ, "ನೀವೂ ಅಷ್ಟ ಜೋರ ಹೊಡೀಬಾರದಿತ್ತರಿ" ಎಂದಳು. ಐವತ್ತೈದು ಆಕೆಗೂ ಗೊತ್ತಿತ್ತು. ಹತ್ತು ದಿನ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಯಾರಿಗೂ ಲುಕ್ಸಾನಿಲ್ಲ ಎಂದಿರಲ್ಲ, ಇದೇ ಲುಕ್ಸಾನು. ಆಕೆ ನನ್ನ ಗಾಡಿಯಲ್ಲಿ ಕೂತಿರಲೇ ಇಲ್ಲ ಎಂದು ನಾನು ಬರೆದುಕೊಡಬೇಕು. ಮೂರು ವರ್ಷ ಪಕ್ಕದಲ್ಲಿ ಕೂತು ಮಳೆ, ಸೊಸೆ, ಮೊಣಕಾಲು ನೋವು, ಮೇಷ್ಟ್ರುಗಳ ಚಾಡಿ ಎಲ್ಲ ಹಂಚಿಕೊಂಡವಳನ್ನು ಒಂದು ಸಹಿಯಿಂದ ಕೆಳಗಿಳಿಸಿ ರಸ್ತೆಯಲ್ಲಿ ನಿಲ್ಲಿಸಬೇಕು, ಆಮೇಲೆ ಆಕೆಯ ಮೇಲೆ ಗಾಡಿ ಹಾಯಿಸಬೇಕು. ನನ್ನಿಂದ ಆಗುವುದಿಲ್ಲ. ನೀವು ಸಿಟ್ಟಾದರೂ ಆಗುವುದಿಲ್ಲ, ಅತ್ತೆಯವರು ಮಾತು ಬಿಟ್ಟರೂ ಆಗುವುದಿಲ್ಲ. ಹೇಳಿಕೆಗೆ ನಾಳೆ ಸೋಮವಾರ ಹತ್ತು ಗಂಟೆಗೆ ಖಾನಾಪುರಕ್ಕೆ ಕರೆದಿದ್ದಾರೆ. ಪಕ್ಕದಲ್ಲಿ ಕೂತಿದ್ದಳು ಎಂದು ಬರೆಸುತ್ತೇನೆ. ಐವತ್ತೈದು ಎಂದೂ ಬರೆಸುತ್ತೇನೆ. ಈ ಪತ್ರ ನಿಮ್ಮ ಕೈಗೆ ಬರುವಾಗ ಸಹಿ ಮಾಡಿ ಮೂರು ದಿನ ಕಳೆದಿರುತ್ತದೆ. ಲೆಕ್ಕ ಹಾಕಿಯೇ ಸಾದಾ ಅಂಚೆಗೆ ಹಾಕುತ್ತಿದ್ದೇನೆ. ಅಲ್ಲಿಯವರೆಗೆ ನೀವು ಫೋನು ಮಾಡಿದರೆ ಸಮೃದ್ಧಿ ಎತ್ತುತ್ತಾಳೆ, ಗಣಿತದ ಬಗ್ಗೆ ಮಾತಾಡಿಕೊಳ್ಳಿ.

ಇದರೊಂದಿಗೆ ಎರಡು ಫಾರ್ಮು ಇಟ್ಟಿದ್ದೇನೆ. ಕರೆಪ್ಪನವರು ತುಂಬಿಕೊಟ್ಟದ್ದು, ಪೆನ್ಸಿಲ್ ಗುರುತು ಹಾಕಿದಲ್ಲಿ ಸಹಿ ಮಾಡಿ ಕಳಿಸಿ. ಗಾಡಿಯನ್ನು ನನ್ನ ಹೆಸರಿಗೆ ಮಾಡಿಕೊಡುವ ಕಾಗದ. ನಡೆಸುವವಳು ನಾನಾದ ಮೇಲೆ ಮಾಲೀಕಳೂ ನಾನೇ ಆಗಿರಲಿ. ಗ್ಯಾರೇಜಿನಿಂದ ಬಂದ ಮೇಲೆ ಪೂರ್ತಿ ಪಾಲಿಸಿ ಮಾಡಿಸುತ್ತೇನೆ, ಐದೂ ಸೀಟಿಗೆ. ಹಳೆಯ ಗಾಡಿಗೆ ಅಷ್ಟೇಕೆ ಎಂದು ಕೇಳಬೇಡಿ. ಗಾಡಿ ಹಳೆಯದು, ಕೂಡುವವರು ಹಳೆಯವರಲ್ಲ. ಕಂತು ನನ್ನ ಸಂಬಳದಲ್ಲಿ ಕಟ್ಟುತ್ತೇನೆ. ಅಲ್ಲಿಯವರೆಗೆ ಬಸ್ಸಿದೆ, ನಿಂತುಕೊಂಡು ಹೋಗುವುದು ನನಗೆ ಹೊಸದಲ್ಲ.

ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಸಿಟ್ಟು ಮಾತ್ರ ಬಂದಿದೆ, ತುಂಬ ಬಂದಿದೆ. ಗುಳಿಗೆ ತಪ್ಪಿಸಬೇಡಿ, ಊಟ ಹೊತ್ತಿಗೆ ಸರಿಯಾಗಿ ಮಾಡಿ. ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಮಗಳು ಮುತ್ತು ಕಳಿಸಿದ್ದಾಳೆ. ಎಲ್ಲರದೂ ಸೇರಿಸಿ ಶರಣಾರ್ಥಿ.

ನಿಮ್ಮ
ಪದ್ಮಶ್ರೀ

ತಾ.ಕ.: ಸಮೃದ್ಧಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಲಕೋಟೆ ಅಂಟಿಸುವ ಮುಂಚೆ ಗಡಬಡಿಸಿ ಬರೆಯುತ್ತೇನೆ. ಸಿದರಾಯನಿಗೆ ಉತ್ತರ ಕೊಟ್ಟೆ. ಬೆಳಿಗ್ಗೆ ಫೋನು ಮಾಡಿ, ಬೆಳಗಾವಿಯ ಕೋರ್ಟಿನಲ್ಲಿ ನಿಮ್ಮವ್ವನ ಹೆಸರಿನಲ್ಲಿ ಪರಿಹಾರದ ಅರ್ಜಿ ಹಾಕು, ಕೈಯೆತ್ತಿ ಕೊಟ್ಟದ್ದನ್ನು ಆಕೆ ಮುಟ್ಟುವುದಿಲ್ಲ, ಹಕ್ಕಿನಿಂದ ಬಂದದ್ದನ್ನು ಬಿಡುವುದಿಲ್ಲ ಎಂದೆ. ವಕೀಲರನ್ನೂ ಗೊತ್ತು ಮಾಡಿದ್ದೇನೆ. ವಿಮೆ ಕೊಡದಿದ್ದರೆ ಗಾಡಿ ನಡೆಸಿದವರೂ ಗಾಡಿಯ ಮಾಲೀಕರೂ ಕೊಡಬೇಕಂತೆ. ನಡೆಸಿದವಳು ನಾನು, ಅಂದಿನ ಮಾಲೀಕರು ನೀವು. ನ್ಯಾಯಾಧೀಶರ ಮುಂದೆ ನಿಂತು ಸಾತವ್ವ ಹೇಳುವುದೆಲ್ಲ ಖರೇ ಎಂದು ಹೇಳುವವಳೂ ನಾನೇ. ನೋಟಿಸು ನಿಮ್ಮ ಬ್ಯಾಂಕಿನ ವಿಳಾಸಕ್ಕೆ ಬರುತ್ತದೆ. ಅಂಚೆಯವನನ್ನು ವಾಪಸ್ ಕಳಿಸಬೇಡಿ. ಸಹಿ ಮಾಡಿ ತೆಗೆದುಕೊಳ್ಳಿ.